ಬೆಳಗಿನ ಜಾವದ 38

ಅಮ್ಮ ದಿನಾ ನಾಲ್ಕೂವರೆಗೆ ಏಳುತ್ತಾಳೆ. ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟ ಮೇಲೇ ಒಲೆ ಹಚ್ಚೋದು. 2022ರ ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ರಂಗೋಲಿ ಹುಡಿ, ನೆಲದ ಮೇಲೆ ಅರ್ಧ ಇಟ್ಟ ಚುಕ್ಕಿ. ಆ ಚಳಿಯಲ್ಲೂ ಅವಳ ರವಿಕೆ ಬೆವರಿಗೆ ಒದ್ದೆಯಾಗಿತ್ತು. ನನ್ನನ್ನು ನೋಡಿ, "ನೀನು ಯಾರ ಮನೆ ಹುಡುಗ ಮಗಾ?" ಅಂದಳು.

ಒಳಗೆ ಕರೆದುಕೊಂಡು ಬಂದು ಕೂರಿಸಿದೆವು. ನನ್ನ ಹೆಂಡತಿ ಬೆಲ್ಲದ ಕಾಫಿ ಮಾಡಿ ಕೊಟ್ಟಳು. ಹತ್ತು ಹದಿನೈದು ನಿಮಿಷಕ್ಕೆ ಅಮ್ಮ ಮೊದಲಿನ ಹಾಗೇ ಆದಳು. ನಡೆದದ್ದು ಒಂದೂ ನೆನಪಿರಲಿಲ್ಲ. "ನಿದ್ದೆಗಣ್ಣಲ್ಲಿ ಏನೋ ಅಂದಿರ್ತೀನಿ ಬಿಡು" ಅಂದಳು.

ಆಮೇಲೆ ಹದಿನೈದು ದಿನಕ್ಕೊಮ್ಮೆ, ನಂತರ ವಾರಕ್ಕೊಮ್ಮೆ ಹೀಗೇ ಆಗತೊಡಗಿತು. ಪ್ರತಿ ಸಲವೂ ಬೆಳಗಿನ ಜಾವ, ಪ್ರತಿ ಸಲವೂ ಕಾಫಿ ಕುಡಿದ ಮೇಲೆ ಸರಿ ಹೋಗುತ್ತಿತ್ತು. ಈಗ ಹಿಂತಿರುಗಿ ನೋಡಿದರೆ ರೋಗದ ಅರ್ಧ ಉತ್ತರ ಆ ಲೋಟದಲ್ಲೇ ಇತ್ತು. ನಮಗಾರಿಗೂ ಹೊಳೆಯಲಿಲ್ಲ.

ಪಕ್ಕದ ಮನೆಯವರು ಮೈಮೇಲೆ ಏನೋ ಬರ್ತಿದೆ, ನೋಡಿಸಿ ಅಂದರು. ನಾವು ತೋರಿಸಿದ ಡಾಕ್ಟರು ಇದು ಫಿಟ್ಸಿನ ಒಂದು ಬಗೆ ಅಂತ ಮಾತ್ರೆ ಬರೆದುಕೊಟ್ಟರು. ಶುಗರನ್ನೂ ನೋಡಿದ್ದರು. ಆದರೆ ನಾವು ಹೋಗಿದ್ದು ಮಧ್ಯಾಹ್ನ, ಅಮ್ಮ ತಿಂಡಿ ತಿಂದ ಮೇಲೆ. 96 ಇತ್ತು. "ಶುಗರ್ ಇಲ್ಲ, ಆರಾಮಾಗಿರಿ" ಅಂದರು. ಮೂರು ತಿಂಗಳು ಆ ಮಾತ್ರೆ ನುಂಗಿದ್ದೇ ಬಂತು. ಅಮ್ಮ ಹಗಲೆಲ್ಲ ತೂಕಡಿಸುತ್ತಿದ್ದಳು, ಬೆಳಗಿನ ಜಾವದ್ದು ಮಾತ್ರ ನಿಲ್ಲಲಿಲ್ಲ.

ಜೂನ್ ತಿಂಗಳ ಒಂದು ರಾತ್ರಿ, ಮೂರೂ ಮುಕ್ಕಾಲು ಇರಬೇಕು. ಅಮ್ಮ ಹಾಸಿಗೆಯಲ್ಲೇ ಕೈಕಾಲು ಒದರುತ್ತಿದ್ದಳು. ಕರೆದರೆ ಕಣ್ಣು ಬಿಡುತ್ತಾಳೆ, ಮಾತಿಲ್ಲ. ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಹಾಗಾಗಿ ಮನೆಯಲ್ಲಿ ಶುಗರ್ ನೋಡುವ ಮಿಷನ್ ಇತ್ತು. "ರೀ, ಅತ್ತೆಗೆ ಈಗಲೇ ಒಂದ್ಸಲ ಶುಗರ್ ನೋಡೋಣ" ಅಂದಳು ನನ್ನ ಹೆಂಡತಿ. ಬೆರಳು ಚುಚ್ಚಿ ಸ್ಟ್ರಿಪ್ಪಿಗೆ ರಕ್ತ ಮುಟ್ಟಿಸಿದಳು. ಐದು ಸೆಕೆಂಡಿಗೆ ಮಿಷನ್ ಮೇಲೆ 38 ಅಂತ ಬಂತು. ಮಿಷನ್ ಕೆಟ್ಟಿರಬೇಕು ಅಂದುಕೊಂಡೆವು. ಇನ್ನೊಂದು ಬೆರಳು ಒರೆಸಿ ಮತ್ತೆ ಚುಚ್ಚಿದರೆ 41. ಊಟ ಮಾಡದೆ ಬೆಳಗ್ಗೆ ನೋಡಿದರೂ ಆರೋಗ್ಯವಂತರಿಗೆ 70ರಿಂದ 100ರ ಒಳಗೆ ಇರಬೇಕು. 55ಕ್ಕಿಂತ ಕೆಳಗೆ ಹೋದರೆ ಮಿದುಳಿಗೆ ಊಟ ಸಾಲದು, ಮನುಷ್ಯ ತಡಬಡಾಯಿಸುತ್ತಾನೆ.

ಸಕ್ಕರೆ ನೀರು ಕುಡಿಸಲು ಹೋಗಿ ನಿಲ್ಲಿಸಿದೆವು. ಪೂರ್ತಿ ಎಚ್ಚರ ಇಲ್ಲದವರಿಗೆ ಕುಡಿಸಿದರೆ ಶ್ವಾಸನಾಳಕ್ಕೆ ಹೋಗಿಬಿಡುತ್ತದೆ. ಜೇನುತುಪ್ಪವನ್ನು ಬೆರಳಲ್ಲಿ ಸ್ವಲ್ಪ ಸ್ವಲ್ಪ ವಸಡಿಗೆ ಸವರಿ, ಮಗ್ಗುಲಿಗೆ ಮಲಗಿಸಿ, ಆಟೋದಲ್ಲಿ ತರೀಕೆರೆಗೆ ಕರೆದುಕೊಂಡು ಹೋದೆವು. ಗ್ಲೂಕೋಸ್ ಏರಿಸಿದ ಕೆಲವೇ ನಿಮಿಷಕ್ಕೆ ಅಮ್ಮ, "ಎಮ್ಮೆಗೆ ಹುಲ್ಲು ಹಾಕಿದ್ರಾ?" ಅಂತ ಕೇಳಿದಳು.

ಅಲ್ಲಿ ಕೇಳಿದ ಮೊದಲ ಪ್ರಶ್ನೆ: ಮನೆಯಲ್ಲಿ ಯಾರಾದರೂ ಶುಗರ್ ಮಾತ್ರೆ ತಗೊಳ್ತಾರಾ? ಅಪ್ಪನ ಮುಖ ಬಾಡಿಹೋಯಿತು. ಅಪ್ಪನ ಗ್ಲಿಮೆಪಿರೈಡ್ ಮಾತ್ರೆಯೂ ಅಮ್ಮನ ಮಂಡಿನೋವಿನ ಮಾತ್ರೆಯೂ ಅಡುಗೆಮನೆಯ ಒಂದೇ ಗೂಡಿನಲ್ಲಿದ್ದವು. ಅಮ್ಮ ಗೊತ್ತಿಲ್ಲದೆ ಅದನ್ನು ನುಂಗಿರಬಹುದು ಅಂದರು ಅಲ್ಲಿನ ಡಾಕ್ಟರು. ಪ್ರಶ್ನೆ ಸರಿಯಾದದ್ದೇ, ಮೊದಲು ಕೇಳಬೇಕಾದದ್ದೂ ಅದೇ. ಆದರೆ ಅವತ್ತಿನಿಂದ ಅಪ್ಪ ತಮ್ಮ ಮಾತ್ರೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕತೊಡಗಿದರು. ಕೀಲಿ ಉಡಿದಾರಕ್ಕೆ. ರಾತ್ರಿ ಎದ್ದು ಕೂತು ಮಾತ್ರೆ ಎಣಿಸುತ್ತಿದ್ದರು. ಲೆಕ್ಕ ಸರಿಯಾಗೇ ಇರುತ್ತಿತ್ತು, ಅಮ್ಮನ ಶುಗರ್ ಬೀಳೋದೂ ನಿಲ್ಲುತ್ತಿರಲಿಲ್ಲ.

ನನ್ನ ಅನುಭವದಲ್ಲಿ ಇಲ್ಲೇ ಬಹಳ ಜನ ನಿಂತುಬಿಡುತ್ತಾರೆ. ಶುಗರ್ ಬಿತ್ತು, ಗ್ಲೂಕೋಸ್ ಹಾಕಿದರು, ಸರಿ ಹೋಯಿತು, ಮನೆಗೆ ಬಂದರು. ನಮ್ಮನ್ನೂ ಹಾಗೇ ಎರಡು ಸಲ ಮನೆಗೆ ಕಳಿಸಿದ್ದರು. ಶುಗರ್ ಕಾಯಿಲೆ ಇಲ್ಲದ, ಮಾತ್ರೆ ತಗೊಳ್ಳದ 62 ವರ್ಷದ ಹೆಂಗಸಿಗೆ ಶುಗರ್ ಯಾಕೆ ಬೀಳಬೇಕು? ಇದಕ್ಕೆ ಉತ್ತರ ಸಿಗೋ ತನಕ ಬಿಡಬಾರದು. ಶಿವಮೊಗ್ಗದಲ್ಲಿ ಸಿಕ್ಕ ಡಾಕ್ಟರಮ್ಮ ಬಿಡಲಿಲ್ಲ.

ಅವರು ಅಮ್ಮನನ್ನು ವಾರ್ಡಿಗೆ ಸೇರಿಸಿ, ಊಟ ಕೊಡದೆ, ಪಕ್ಕದಲ್ಲಿ ನರ್ಸ್ ಕೂರಿಸಿ, ಗಂಟೆಗೊಮ್ಮೆ ಶುಗರ್ ನೋಡಿಸಿದರು. ಈ ಪರೀಕ್ಷೆ 72 ಗಂಟೆವರೆಗೂ ನಡೆಯಬಹುದಂತೆ. ಅಮ್ಮನಿಗೆ ಒಂಬತ್ತನೇ ಗಂಟೆಗೇ 40ಕ್ಕೆ ಇಳಿಯಿತು. ನಾನು ಗ್ಲೂಕೋಸ್ ಹಾಕಿ ಅಂತ ಗಾಬರಿಯಲ್ಲಿ ಕೂಗಿಕೊಂಡೆ. "ಒಂದೇ ನಿಮಿಷ, ಮೊದಲು ರಕ್ತ ತಗೊಳ್ತೀನಿ. ಈಗಿನ ರಕ್ತ ಮತ್ತೆ ಸಿಗಲ್ಲ" ಅಂದರು. ಮೂರು ಟ್ಯೂಬಿಗೆ ರಕ್ತ ತೆಗೆದ ಮೇಲೇ ಗ್ಲೂಕೋಸ್ ಹಾಕಿದ್ದು. ಆ ಒಂದು ನಿಮಿಷಕ್ಕೆ ನಾನು ಅವರಿಗೆ ಯಾವತ್ತೂ ಋಣಿ.

ಶುಗರ್ ಇಳಿಸೋದು ಇನ್ಸುಲಿನ್. ಮೇದೋಜೀರಕದಲ್ಲಿ ಅದನ್ನು ಜಾಸ್ತಿ ಸುರಿಸುವ ಗಡ್ಡೆ ಇದ್ದರೆ ಆ ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರಬೇಕು, ಮೈಯಲ್ಲಿ ಇನ್ಸುಲಿನ್ ತಯಾರಾಗುವಾಗ ಜೊತೆಗೇ ಬರುವ ಸಿ-ಪೆಪ್ಟೈಡ್ ಕೂಡ ಜಾಸ್ತಿ ಇರಬೇಕು. ಅಪ್ಪನ ಮಾತ್ರೆ ಇನ್ಸುಲಿನ್ ಹೆಚ್ಚಿಸುವಂಥದ್ದು, ಅದು ಹೊಟ್ಟೆಗೆ ಹೋಗಿದ್ದರೂ ಅಷ್ಟೇ. ಅಮ್ಮನಿಗೆ ಎರಡೂ ತೀರಾ ಕಡಿಮೆ ಇದ್ದವು. ಡಾಕ್ಟರಮ್ಮ ರಿಪೋರ್ಟ್ ಹಿಡಿದುಕೊಂಡು ಅಪ್ಪನ ಹತ್ತಿರವೇ ಹೋಗಿ ಹೇಳಿದರು: "ಯಜಮಾನ್ರೇ, ನಿಮ್ಮ ಮಾತ್ರೆಯಿಂದ ಇದು ಆಗಿಲ್ಲ. ಇನ್ಸುಲಿನ್ ಕೆಲಸವನ್ನು ಬೇರೆ ಯಾವುದೋ ಮಾಡ್ತಿದೆ." ಅಪ್ಪ ಏನೂ ಮಾತಾಡಲಿಲ್ಲ. ಹೊರಗೆ ಹೋಗಿ ತುಂಬಾ ಹೊತ್ತು ನಲ್ಲಿ ಹತ್ತಿರ ಮುಖ ತೊಳೆಯುತ್ತಾ ನಿಂತಿದ್ದರು.

ಆಮೇಲೆ ಡಾಕ್ಟರಮ್ಮ ಅಮ್ಮನ ಕೈ ನೋಡಿದರು. ಉಗುರುಗಳು ಗುಂಡಗೆ ಉಬ್ಬಿದ್ದವು, ಬೆರಳ ತುದಿ ಡೋಲಿನ ಕೋಲಿನ ಹಾಗೆ ದಪ್ಪಗಿತ್ತು. ವಯಸ್ಸಾದ ಮೇಲೆ ದುಡಿದ ಕೈ ಹಾಗೇ ಅಂದುಕೊಂಡಿದ್ದೆವು. ಎರಡು ತೋರುಬೆರಳ ಉಗುರುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿ ಅಂದರು. ನಮ್ಮ ನಿಮ್ಮ ಬೆರಳಾದರೆ ಉಗುರಿನ ಬುಡದಲ್ಲಿ ಚಿಕ್ಕ ವಜ್ರದ ಆಕಾರದ ಕಿಂಡಿ ಕಾಣುತ್ತದೆ. ಅಮ್ಮನ ಬೆರಳಲ್ಲಿ ಬೆಳಕು ಒಂದು ಚೂರೂ ತೂರಲಿಲ್ಲ. ಮಂಡಿ, ಮಣಿಕಟ್ಟಿನ ನೋವು ಯಾವಾಗಿನಿಂದ ಅಂತಲೂ ಕೇಳಿದರು. ಎರಡು ವರ್ಷ ಆಯಿತು ಅಂದಳು ಅಮ್ಮ. ನಂತರ ಬೆನ್ನಿನ ಮೇಲೆ ಎಡಗೈ ಇಟ್ಟು ಬಲಗೈ ಬೆರಳಿಂದ ತಟ್ಟುತ್ತಾ ಬಂದರು. ಎಡಗಡೆ ಖಾಲಿ ಡಬ್ಬ ತಟ್ಟಿದ ಹಾಗೆ ಟೊಣ್ ಟೊಣ್. ಬಲಗಡೆ ಭುಜದ ಕೆಳಗಿಂದ ಭತ್ತ ತುಂಬಿದ ಚೀಲ ತಟ್ಟಿದ ಹಾಗೆ. ನನಗೇ ಕೇಳಿಸಿತು.

ಎಕ್ಸ್‌ರೇಯಲ್ಲಿ ಬಲಗಡೆ ಎದೆಯ ಅರ್ಧಕ್ಕಿಂತ ಜಾಸ್ತಿ ಬೆಳ್ಳಗಿತ್ತು. ಆರು ತಿಂಗಳಲ್ಲಿ ಒಬ್ಬರೂ ಒಂದು ಎಕ್ಸ್‌ರೇ ಬರೆದುಕೊಟ್ಟಿರಲಿಲ್ಲ. ನಾವೂ ಕೇಳಿರಲಿಲ್ಲ. ಮಾತು ತಪ್ಪುವುದಕ್ಕೂ ಎದೆಗೂ ಏನು ಸಂಬಂಧ ಅಂತ ಯಾರಿಗೆ ಅನ್ನಿಸೀತು?

ಮೊದಲು ನೀರು ತುಂಬಿರಬಹುದು ಅಂದರು. ನಮ್ಮ ಕಡೆ ಎದೆಯಲ್ಲಿ ನೀರು ಅಂದರೆ ಟಿಬಿ ಅಂತಲೇ ಮೊದಲು ನೆನಪಾಗೋದು. ಸೂಜಿ ಹಾಕಿದರು, ನೀರು ಬರಲಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಒಳಗಿರುವುದು ಗಟ್ಟಿ ಅಂತ ತಿಳಿಯಿತು. ಸಿಟಿ ಸ್ಕ್ಯಾನ್ ಮಾಡಿದಾಗ 17 ಸೆಂಟಿಮೀಟರ್ ಉದ್ದದ ಗಡ್ಡೆ. ಎದೆಗೂ ಹೊಟ್ಟೆಗೂ ನಡುವಿನ ವಪೆಯ ಮೇಲೆ ಕೂತು ಬಲ ಶ್ವಾಸಕೋಶವನ್ನು ಮೇಲಕ್ಕೆ ಒತ್ತಿ ಹಿಡಿದಿತ್ತು. ಇಷ್ಟಿದ್ದೂ ಅಮ್ಮನಿಗೆ ಇದ್ದದ್ದು ಸ್ವಲ್ಪ ಒಣಕೆಮ್ಮು, ತೋಟದ ಏರಿ ಹತ್ತುವಾಗ ಒಂಚೂರು ಏದುಸಿರು ಅಷ್ಟೇ.

ಗಡ್ಡೆ ಶ್ವಾಸಕೋಶದ್ದಲ್ಲ, ಅದರ ಹೊದಿಕೆಯದ್ದು ಅಂದರು. ಎದೆಗೂಡಿನ ಒಳಗೋಡೆಗೆ ಒಂದು ಪೊರೆ, ಶ್ವಾಸಕೋಶದ ಮೈಗೆ ಇನ್ನೊಂದು ಪೊರೆ. ನಡುವೆ ಎರಡು ಮೂರು ಚಮಚದಷ್ಟು ದ್ರವ ಮಾತ್ರ ಇರುತ್ತದೆ. ಉಸಿರಾಡುವಾಗ ಎರಡೂ ಒಂದರ ಮೇಲೊಂದು ಜಾರುತ್ತಿರುತ್ತವೆ. ಇದಕ್ಕೆ ಪ್ಲೂರಾ ಅನ್ನುತ್ತಾರೆ. ಇಂಥ ಜಾಗದಲ್ಲಿ ಗಡ್ಡೆ ಬೆಳೆಯಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಮುಂದಿನ ಪ್ರಶ್ನೆ ನನ್ನನ್ನು ಅಲ್ಲಾಡಿಸಿಬಿಟ್ಟಿತು. "ಅಮ್ಮ ಯಾವುದಾದರೂ ಶೀಟಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ರಾ? ಮನೆ ಮೇಲೆ ಎ.ಸಿ. ಶೀಟ್ ಇದೆಯಾ?" ಎ.ಸಿ. ಶೀಟ್ ಅಂದರೆ ಆಸ್‌ಬೆಸ್ಟಾಸ್ ಸಿಮೆಂಟ್ ಶೀಟು. ನಮ್ಮ ಕೊಟ್ಟಿಗೆಗೂ ಹಿಂದಿನ ಅಡುಗೆಮನೆಗೂ ಅದೇ. ಆಸ್‌ಬೆಸ್ಟಾಸ್ ಧೂಳು ಒಳಗೆ ಹೋದವರಿಗೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ಮೇಲೆ ಇದೇ ಪೊರೆಯಲ್ಲಿ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಬರಬಹುದು. ಅದು ಪೊರೆಯ ಉದ್ದಕ್ಕೂ ಹಬ್ಬುತ್ತದೆ, ವಾಸಿ ಮಾಡೋದು ತುಂಬಾ ಕಷ್ಟ. 1998ರಲ್ಲಿ ಆ ಶೀಟು ಹಾಕಿದಾಗ ನಾನೇ ಏಣಿ ಹಿಡಿದು ನಿಂತಿದ್ದೆ. ಬೋಲ್ಟಿಗೆ ತೂತು ಕೊರೆಯುವಾಗ ಬಿದ್ದ ಬೂದಿಯಂಥ ಧೂಳನ್ನು ಅಮ್ಮ ಪೊರಕೆಯಲ್ಲಿ ಗುಡಿಸಿದ್ದಳು. ಅವತ್ತು ರಾತ್ರಿ ಆಸ್ಪತ್ರೆ ವರಾಂಡದಲ್ಲಿ ನನಗೆ ಅದೊಂದೇ ಚಿತ್ರ ಕಣ್ಣ ಮುಂದೆ.

ಕೊನೆಗೆ ಅಮ್ಮನದು ಅದಲ್ಲ ಅಂತ ಆಯಿತು. ಆದರೂ ಈ ಮಾತು ಹೇಳಲೇಬೇಕು. ಅರವತ್ತಕ್ಕೂ ಹೆಚ್ಚು ದೇಶಗಳು ನಿಷೇಧಿಸಿದ ಈ ವಸ್ತು ನಮ್ಮ ಊರುಗಳಲ್ಲಿ ಇನ್ನೂ ಕೊಟ್ಟಿಗೆ ಮೇಲೆ, ಅಂಗಡಿ ಮೇಲೆ ಇದೆ. ಗಟ್ಟಿಯಾಗಿ ಕೂತಿರುವ ಶೀಟಿಗಿಂತ ಅದನ್ನು ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಏಳುವ ಧೂಳಿನ ಅಪಾಯವೇ ಜಾಸ್ತಿ. ಒಡೆದ ಚೂರನ್ನು ಪುಡಿ ಮಾಡಿ ದಾರಿಗೆ ಹಾಕಬೇಡಿ. ತೆಗೆಸುವುದಿದ್ದರೆ ನೀರು ಚಿಮುಕಿಸಿ, ಮುರಿಯದ ಹಾಗೆ ಇಳಿಸಿ.

ಶಿವಮೊಗ್ಗದಿಂದ ಬೆಂಗಳೂರಿಗೆ ಬರೆದುಕೊಟ್ಟರು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಅದನ್ನು ಮೊದಲೇ ಮಾಡಿಸಿಕೊಂಡಿದ್ದು ಒಳ್ಳೆಯದಾಯಿತು. ಕೆಲವು ಪರೀಕ್ಷೆಗೆ ಕೈಯಿಂದ ಹಣ ಹೋಯಿತು, ಅದಕ್ಕೆ ಆ ವರ್ಷದ ಅಡಿಕೆ ಮೇಲೆ ಮುಂಗಡ ತಗೊಂಡೆವು. ತರೀಕೆರೆಯಲ್ಲಿ ರೈಲು ಹತ್ತಿದಾಗ ಹೆಂಡತಿ ಚೀಲದಲ್ಲಿ ಬಾಳೆಹಣ್ಣು, ಗ್ಲೂಕೋಸ್ ಪುಡಿ, ಬೆಲ್ಲ, ಫ್ಲಾಸ್ಕಿನಲ್ಲಿ ಹಾಲು ತುಂಬಿಸಿದ್ದಳು. ಗಂಟೆಗೊಮ್ಮೆ ಬೆರಳು ಚುಚ್ಚುತ್ತಾ ಬೆಂಗಳೂರು ಮುಟ್ಟಿದೆವು. ಅಮ್ಮನ ಬೆರಳ ತುದಿಗಳೆಲ್ಲ ಸೂಜಿ ಚುಕ್ಕಿ.

ಅಲ್ಲಿ ಸಿಟಿ ನೋಡಿಕೊಂಡೇ ಪಕ್ಕೆಲುಬಿನ ಸಂದಿಯಿಂದ ಸೂಜಿ ಹಾಕಿ ಗಡ್ಡೆಯ ದಾರದಂಥ ತುಂಡುಗಳನ್ನು ತೆಗೆದರು. ಮೊದಲ ರಿಪೋರ್ಟು ನಾಲ್ಕು ದಿನಕ್ಕೆ ಬಂತು: ಸ್ಪಿಂಡಲ್ ಸೆಲ್ ಟ್ಯೂಮರ್. ಅಂದರೆ ಜೀವಕೋಶಗಳು ನೂಲುವ ಕದಿರಿನ ಹಾಗೆ, ನಡುವೆ ದಪ್ಪ, ಎರಡೂ ತುದಿ ಚೂಪು. ಇದು ರೋಗದ ಹೆಸರಲ್ಲ, ಆಕಾರ ಅಷ್ಟೇ. ಒಳ್ಳೆಯ ಗಡ್ಡೆಗಳೂ ಹೀಗಿರಬಹುದು, ಕೆಟ್ಟವೂ ಹೀಗಿರಬಹುದು. ಹೆಸರು ಹೇಳಬೇಕಾದರೆ ಜೀವಕೋಶದೊಳಗಿನ ಪ್ರೋಟೀನುಗಳನ್ನು ಬಣ್ಣ ಹಿಡಿಸಿ ಗುರುತಿಸುವ ಇಮ್ಯುನೋ ಪರೀಕ್ಷೆ ಆಗಬೇಕು, ಇನ್ನೂ ಹತ್ತು ದಿನ ಅಂದರು.

ಆ ಹತ್ತು ದಿನ ತುಂಬಾ ಕಷ್ಟದ್ದು. ನೆಂಟರು ಫೋನ್ ಮಾಡಿ "ಶ್ವಾಸಕೋಶದ ಕ್ಯಾನ್ಸರಂತೆ, ಹೌದಾ?" ಅಂತ ಕೇಳುತ್ತಿದ್ದರು. ಒಬ್ಬರು ಆಪರೇಷನ್ ಬೇಡ, ಕತ್ತಿ ತಾಗಿದರೆ ಹಬ್ಬುತ್ತೆ ಅಂದರು. ಇನ್ನೊಬ್ಬರು ನಾಟಿ ಔಷಧಿ ವಿಳಾಸ ಕಳಿಸಿದರು. ಹೆಸರೇ ಗೊತ್ತಿಲ್ಲದ ರೋಗಕ್ಕೆ ಯಾವ ಔಷಧಿ ಕೊಡೋದು? ಕಾಯೋದು ಬಿಟ್ಟು ಬೇರೆ ದಾರಿ ಇರಲಿಲ್ಲ, ಕಾದದ್ದೇ ಸರಿಯಾಯಿತು. ಅಮ್ಮನಿಗೆ ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ ಅಲಾರಂ ಇಟ್ಟು ಎಬ್ಬಿಸಿ ಏನಾದರೂ ತಿನ್ನಿಸುತ್ತಿದ್ದೆವು. ಮಲಗುವ ಮುಂಚೆ ಬೇಯಿಸದ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕಲಸಿ ಕುಡಿಸಲು ಹೇಳಿದ್ದರು. ಅದು ನಿಧಾನಕ್ಕೆ ಕರಗಿ ಗಂಟೆಗಟ್ಟಲೆ ಸಕ್ಕರೆ ಬಿಡುತ್ತಾ ಇರುತ್ತದೆ. ಜೊತೆಗೆ ಸ್ಟೀರಾಯ್ಡ್ ಮಾತ್ರೆ. ಸುಣ್ಣದ ನೀರಿನ ಹಾಗಿದ್ದ ಆ ಲೋಟವನ್ನು ಅಮ್ಮ ಮುಖ ಕಿವಿಚದೆ ಕುಡಿದು ಮಲಗುತ್ತಿದ್ದಳು.

ರಿಪೋರ್ಟ್ ಬಂತು. ಸ್ಟಾಟ್6 ಮತ್ತು ಸಿಡಿ34 ಅನ್ನುವ ಎರಡು ಪ್ರೋಟೀನು ಪಾಸಿಟಿವ್. ಮೀಸೋಥೀಲಿಯೋಮಾದಲ್ಲಿ ಬಣ್ಣ ಹಿಡಿಯುವ ಕೆರಾಟಿನ್, ಕ್ಯಾಲ್‌ರೆಟಿನಿನ್ ಎರಡೂ ನೆಗೆಟಿವ್. ರೋಗದ ಹೆಸರು ಸಾಲಿಟರಿ ಫೈಬ್ರಸ್ ಟ್ಯೂಮರ್. ಒಂಟಿಯಾಗಿ ಬೆಳೆಯುವ ನಾರುಗಡ್ಡೆ. ಪ್ಲೂರಾದಲ್ಲಿ ಹುಟ್ಟುವ ಗಡ್ಡೆಗಳಲ್ಲಿ ನೂರಕ್ಕೆ ಐದಕ್ಕೂ ಕಡಿಮೆ ಈ ಜಾತಿಯವು. ಆಸ್‌ಬೆಸ್ಟಾಸ್‌ಗೂ ಬೀಡಿ ಸಿಗರೇಟಿಗೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ. ಜೀವಕೋಶದ ಒಳಗೆ ಎರಡು ಜೀನುಗಳು ತಪ್ಪಾಗಿ ಅಂಟಿಕೊಳ್ಳುವುದರಿಂದ ಇದು ಹುಟ್ಟುತ್ತದೆ ಅಂತ 2013ರಲ್ಲಿ ಪತ್ತೆಯಾಯಿತು. ಸ್ಟಾಟ್6 ಬಣ್ಣ ಹಿಡಿಯೋದು ಅದೇ ಗುರುತನ್ನು. ಅಂದರೆ ಹತ್ತು ವರ್ಷ ಮುಂಚೆ ಅಮ್ಮನಿಗೆ ಇದೇ ಆಗಿದ್ದರೆ ಇಷ್ಟು ಖಚಿತವಾಗಿ ಹೇಳೋದು ಕಷ್ಟವಿತ್ತು.

ಶುಗರಿನ ಗುಟ್ಟೂ ಬಿಚ್ಚಿತು. ಈ ಗಡ್ಡೆಗಳಲ್ಲಿ ಕೆಲವು ಐಜಿಎಫ್-2 ಅನ್ನುವ ವಸ್ತುವಿನ ದೊಡ್ಡ ರೂಪವೊಂದನ್ನು ರಕ್ತಕ್ಕೆ ಬಿಡುತ್ತವೆ. ಅದು ಇನ್ಸುಲಿನ್ ಹಾಗೇ ಕೆಲಸ ಮಾಡುತ್ತದೆ, ಲಿವರ್ ಸಕ್ಕರೆ ಬಿಡದ ಹಾಗೆ ತಡೆಯುತ್ತದೆ. ಹಗಲು ಊಟ ತಿಂಡಿ ಇರುತ್ತದೆ, ಗೊತ್ತಾಗಲ್ಲ. ರಾತ್ರಿ ಹೊಟ್ಟೆ ಖಾಲಿಯಾದಾಗ ಶುಗರ್ ಕುಸಿಯುತ್ತದೆ. 1930ರಲ್ಲಿ ಡೋಗೆ ಮತ್ತು ಪಾಟರ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಇಂಥ ರೋಗಿಗಳ ಬಗ್ಗೆ ಬರೆದಿದ್ದರಂತೆ, ಅದಕ್ಕೇ ಡೋಗೆ-ಪಾಟರ್ ಸಿಂಡ್ರೋಮ್ ಅನ್ನೋ ಹೆಸರು. ಈ ಗಡ್ಡೆ ಇರುವವರಲ್ಲೂ ನೂರಕ್ಕೆ ಐದಕ್ಕೂ ಕಡಿಮೆ ಜನರಲ್ಲಿ ಹೀಗಾಗುತ್ತದೆ. ಉಗುರು ಉಬ್ಬಿದ್ದು, ಕೀಲುನೋವು ಕೂಡ ಗಡ್ಡೆಯದ್ದೇ.

ಸರ್ಜನ್ ಮಾತು ಚಿಕ್ಕದಾಗಿತ್ತು. "ಇದಕ್ಕೆ ಮದ್ದು ಕತ್ತಿಯೇ. ಪೂರ್ತಿ, ಒಡೆಯದ ಹಾಗೆ, ಸುತ್ತ ಒಂಚೂರು ಒಳ್ಳೆಯ ಭಾಗ ಸೇರಿಸಿ ತೆಗೆಯಬೇಕು. ತೆಗೆದರೆ ಶುಗರೂ ಸರಿ ಹೋಗುತ್ತೆ." ಅಮ್ಮ ಒಂದೇ ಪ್ರಶ್ನೆ ಕೇಳಿದಳು: "ಆಮೇಲೆ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಬಹುದಾ ಸ್ವಾಮಿ?" ಮಾಡಬಹುದು ಅಂದರು. "ಹಂಗಾದ್ರೆ ಮಾಡ್ಬಿಡಿ" ಅಂದಳು.

2022ರ ಸೆಪ್ಟೆಂಬರ್. ಬೆಳಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಕೈಗೆ ಗ್ಲೂಕೋಸ್ ಹರಿಯುತ್ತಲೇ ಇತ್ತು. ಒಳಗೂ ಕಾಲು ಗಂಟೆಗೊಮ್ಮೆ ಶುಗರ್ ನೋಡುತ್ತೇವೆ ಅಂದಿದ್ದರು. ಅಪ್ಪ ಬೆಂಚಿನ ಮೇಲೆ ಕೂತು ಕೈಯಲ್ಲಿ ಅದೇ ಶುಗರ್ ಮಿಷನ್ ಹಿಡಿದುಕೊಂಡಿದ್ದರು. ಯಾಕೆ ತಂದಿದ್ದೀರಿ ಅಂತ ನಾನು ಕೇಳಲಿಲ್ಲ. ಒಂದೂವರೆ ಹೊತ್ತಿಗೆ ಸರ್ಜನ್ ಹೊರಗೆ ಬಂದರು. ಗಡ್ಡೆ ಶ್ವಾಸಕೋಶದ ಕೆಳಭಾಗದ ಪೊರೆಗೆ ಒಂದು ತೊಟ್ಟಿನಿಂದ ಅಂಟಿಕೊಂಡಿತ್ತು, ತೊಟ್ಟಿನ ಜೊತೆ ಶ್ವಾಸಕೋಶದ ಚಿಕ್ಕ ತುಂಡು ಸೇರಿಸಿ ತೆಗೆದಿದ್ದೇವೆ, ಒಡೆದಿಲ್ಲ ಅಂದರು. ತೂಕ ಒಂದು ಕಿಲೋ ಎಂಟುನೂರು ಗ್ರಾಂ. ಆಮೇಲೆ ಹೇಳಿದರು: "ಗಡ್ಡೆಯ ರಕ್ತನಾಳಕ್ಕೆ ಗಂಟು ಹಾಕಿದ ಮೇಲೆ ಶುಗರ್ ಏರೋಕೆ ಶುರುವಾಯ್ತು. ಈಗ 160. ಗ್ಲೂಕೋಸ್ ಕಡಿಮೆ ಮಾಡ್ತಿದ್ದೀವಿ." ಎಂಟು ತಿಂಗಳಲ್ಲಿ ಮೊದಲ ಸಲ ಅಮ್ಮನ ಶುಗರ್ ತಾನಾಗೇ ಏರಿದ್ದು. ಅಪ್ಪ ಮಿಷನ್ನನ್ನು ಚೀಲದೊಳಗೆ ಹಾಕಿ ಜಿಪ್ ಎಳೆದರು.

ಆಪರೇಷನ್ ನಂತರದ ದಿನಗಳು ಸುಲಭ ಅಂತ ಯಾರೂ ಅಂದುಕೊಳ್ಳಬಾರದು. ಪಕ್ಕೆಯ ಉದ್ದಕ್ಕೂ ಹೊಲಿಗೆ, ಎರಡು ಪೈಪು, ಪೈಪಿನ ತುದಿಗೆ ನೆಲದ ಮೇಲೆ ನೀರಿನ ಬಾಟಲಿ. ಕೆಮ್ಮಿದಾಗೆಲ್ಲ ಬಾಟಲಿಯಲ್ಲಿ ಗುಳ್ಳೆ ಏಳುತ್ತಿತ್ತು. ಗುಳ್ಳೆ ನಿಂತು, ನೀರು ಬರೋದು ಕಡಿಮೆಯಾದ ಮೇಲೇ ಪೈಪು ತೆಗೆಯೋದು. ಬಾಟಲಿಯನ್ನು ಎದೆಗಿಂತ ಮೇಲೆ ಎತ್ತಬಾರದು. ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದರು. ಅಮ್ಮ ಮೊದಲ ದಿನವೆಲ್ಲ ಅದನ್ನು ಊದುತ್ತಿದ್ದಳು, ಚೆಂಡು ಏಳುತ್ತಿರಲಿಲ್ಲ. ಊದೋದಲ್ಲ, ಎಳೆಯೋದು ಅಂತ ಫಿಸಿಯೋ ಹುಡುಗಿ ಪಕ್ಕದಲ್ಲಿ ಕೂತು ತೋರಿಸಿಕೊಟ್ಟಳು. ನೋವಿಗೆ ದಿಂಬನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡು ಕೆಮ್ಮಬೇಕು. ನಾಲ್ಕನೇ ದಿನ ಎರಡು ಚೆಂಡು ಮೇಲೆ ನಿಂತವು. ಒಂಬತ್ತನೇ ದಿನ ಡಿಸ್ಚಾರ್ಜ್.

ಗಡ್ಡೆಯ ಪೂರ್ತಿ ರಿಪೋರ್ಟಿನಲ್ಲಿ ಅಂಚು ಸ್ವಚ್ಛ ಅಂತ ಬಂತು, ಅಂದರೆ ಕೊಯ್ದ ಅಂಚಿನಲ್ಲಿ ಗಡ್ಡೆಯ ಜೀವಕೋಶ ಕಾಣಲಿಲ್ಲ. ಜೀವಕೋಶ ಒಡೆದು ಎರಡಾಗುವ ವೇಗ ಕಡಿಮೆ ಇತ್ತು. ಆದರೆ ವಯಸ್ಸು 55 ದಾಟಿದೆ, ಅಳತೆ 15 ಸೆಂಟಿಮೀಟರ್ ಮೀರಿದೆ, ಹಾಗಾಗಿ ಮಧ್ಯಮ ಅಪಾಯದ ಗುಂಪು. ಕೀಮೋ, ರೇಡಿಯೇಷನ್ ಬೇಡ ಅಂದರು. ಈ ಗಡ್ಡೆ ಹತ್ತು ವರ್ಷ ಕಳೆದ ಮೇಲೂ ಮರಳಿ ಬಂದದ್ದಿದೆ. ಅದಕ್ಕೆ ಮೊದಲ ಎರಡು ವರ್ಷ ಆರು ತಿಂಗಳಿಗೊಮ್ಮೆ ಸಿಟಿ, ಆಮೇಲೆ ವರ್ಷಕ್ಕೊಮ್ಮೆ. ಬೆಳಗಿನ ಜಾವ ಮತ್ತೆ ಬೆವರು, ತಡಬಡಿಕೆ ಕಂಡರೆ ಕಾಯದೆ ಬರಬೇಕು.

ಮಂಡಿನೋವು ಮೂರು ವಾರಕ್ಕೆ ಹೋಯಿತು. ಉಗುರು ತಿಂಗಳುಗಟ್ಟಲೆ ತಗೊಂಡಿತು. ಮರುವರ್ಷ ದೀಪಾವಳಿ ಹೊತ್ತಿಗೆ ಅಮ್ಮ ತಾನೇ ಎರಡು ಬೆರಳು ಜೋಡಿಸಿ ಬೆಳಕಿಗೆ ಹಿಡಿದು, "ಕಿಂಡಿ ಕಾಣ್ತಿದೆ ನೋಡು" ಅಂದಳು. ಅಪ್ಪನ ಮಾತ್ರೆ ಇವತ್ತಿಗೂ ಟ್ರಂಕಿನಲ್ಲೇ ಇದೆ.

ಈ ಸೆಪ್ಟೆಂಬರಿಗೆ ಮೂರು ವರ್ಷ. ಐದನೇ ಸಿಟಿಗೆ ತಾರೀಕು ಕೊಟ್ಟಿದ್ದಾರೆ. "ಆರಾಮಾಗೇ ಇದ್ದೀನಲ್ಲ, ಅಡಿಕೆ ಕೊಯ್ಲು ಮುಗೀಲಿ, ಆಮೇಲೆ ಹೋಗೋಣ" ಅನ್ನುತ್ತಿದ್ದಾಳೆ ಅಮ್ಮ. ನಾನು ಒಪ್ಪಿಲ್ಲ. ಟಿಕೆಟ್ ಮಾಡಿಸಿದ್ದೇನೆ, ಮೂರು ಜನಕ್ಕೆ.